ಬ್ರ್ಯಾಂಡ್ ಕಂಪನಿಯದು, ಬಳಗ ನಮ್ಮದು

ಮುಚ್ಚಿಹೋದ ಕಾರ್ಖಾನೆಯ ಹೆಸರು ಯಾರ ಸ್ವತ್ತು? ಕರ್ನಾಟಕ ಹೈಕೋರ್ಟಿನ ಮುಂದೆ ಈ ಪ್ರಶ್ನೆ ಬಂದಿತ್ತು. ಆ ಹೆಸರು ‘ಯೆಜ್ಡಿ’. ಆ ಹೆಸರಿನ ಬೈಕು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಂಪನಿ 1996ರಲ್ಲಿ ಬಾಗಿಲು ಹಾಕಿ, ಆಮೇಲೆ ಸಮಾಪನೆಗೆ ಹೋಯಿತು. ಅದರ ಸ್ವತ್ತನ್ನು ನೋಡಿಕೊಳ್ಳುವ ಅಧಿಕೃತ ಸಮಾಪಕರೂ ಹಳೆಯ ನೌಕರರ ಸಂಘವೂ ಒಂದು ಕಡೆ ನಿಂತರು. ಸ್ಥಾಪಕರ ಮನೆತನದ ಬೊಮನ್ ಇರಾನಿ ಮತ್ತು ಆ ಹೆಸರಿನಲ್ಲಿ ಹೊಸ ಬೈಕು ಬಿಟ್ಟ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಇನ್ನೊಂದು ಕಡೆ. ಹೆಸರು ಹಳೆಯ ಕಂಪನಿಗೇ ಸೇರಿದ್ದು ಎಂದು 2022ರ ಡಿಸೆಂಬರಿನಲ್ಲಿ ಏಕಸದಸ್ಯ ಪೀಠ ಹೇಳಿತು. ಅದರ ವಿರುದ್ಧ ಮೇಲ್ಮನವಿ ವಿಭಾಗೀಯ ಪೀಠಕ್ಕೆ ಹೋಯಿತು.

ಕಾನೂನಿನ ಪ್ರಕಾರ ಯಾರು ಸರಿ ಎಂಬುದು ಈ ಬರಹದ ವಿಷಯವಲ್ಲ. ಆ ವ್ಯಾಜ್ಯದೊಳಗೆ ಇನ್ನೊಂದು ಸಂಗತಿ ಇದೆ, ನಾನು ಹೇಳಹೊರಟಿರುವುದು ಅದನ್ನು. ಕಾಲು ಶತಮಾನದಷ್ಟು ಕಾಲ ಒಂದೇ ಒಂದು ಹೊಸ ಯೆಜ್ಡಿ ರಸ್ತೆಗೆ ಬಂದಿರಲಿಲ್ಲ. ಶೋರೂಮು ಇರಲಿಲ್ಲ, ಜಾಹೀರಾತು ಇರಲಿಲ್ಲ, ಸರ್ವೀಸ್ ಸೆಂಟರ್ ಇರಲಿಲ್ಲ. ಆದರೂ ಆ ಹೆಸರಿಗೆ ಕೋರ್ಟಿನ ಮೆಟ್ಟಿಲೇರಿ ವಾದಿಸುವಷ್ಟು ಬೆಲೆ ಉಳಿದಿತ್ತು. ಅದನ್ನು ಉಳಿಸಿದವರು ಬೈಕನ್ನು ಗುಜರಿಗೆ ಹಾಕದೆ ಇಟ್ಟುಕೊಂಡ ಸವಾರರು, ಹಳೆಯ ಎಂಜಿನ್ನಿಗೆ ಮತ್ತೆ ಮತ್ತೆ ಜೀವ ತುಂಬಿದ ಮೆಕ್ಯಾನಿಕ್‌ಗಳು, ಎಲ್ಲೆಲ್ಲಿಂದಲೋ ಬಿಡಿಭಾಗ ತರಿಸಿಕೊಟ್ಟ ಅಂಗಡಿಯವರು. ಮೊಕದ್ದಮೆಯ ವಾದಿಗಳಲ್ಲಿ ಅವರಿಲ್ಲ, ಪ್ರತಿವಾದಿಗಳಲ್ಲೂ ಇಲ್ಲ.

ಕಾನೂನು ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ತಮ್ಮ ಬೆಲೆ ಏನೆಂದು ಅವರೇ ತಿಳಿದುಕೊಳ್ಳಬೇಕು ಎನ್ನುತ್ತಿದ್ದೇನೆ. ಬೈಕು, ಕ್ಯಾಮೆರಾ, ಫೋನು, ಕಂಪ್ಯೂಟರು, ಯಾವುದೇ ವಸ್ತುವಿನ ಸುತ್ತ ಸೇರುವ ಅಭಿಮಾನಿಗಳ ಬಳಗ ಇಂದು ಕಂಪನಿಗಳ ಕಣ್ಣಿಗೆ ಬಿದ್ದಿದೆ. ಜಾಹೀರಾತಿಗಿಂತ ಗೆಳೆಯನ ಮಾತನ್ನು ಜನ ನಂಬುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಗೆಳೆಯನ ಬಾಯಿಂದಲೇ ಜಾಹೀರಾತು ಹೇಳಿಸುವ ಕೆಲಸ ನಡೆಯುತ್ತಿದೆ. ಹೆಸರಿನ ಒಡೆತನ ಕಂಪನಿಗಿರಲಿ, ಬಳಗದ ಒಡೆತನ ಅದಕ್ಕೆ ಹೋಗಬಾರದು. ಯಾಕೆ ಹೋಗಬಾರದು ಎಂಬುದಕ್ಕೆ ಜಾವಾ ಮತ್ತು ಯೆಜ್ಡಿಯ ಕಥೆಯಲ್ಲೇ ಉತ್ತರವಿದೆ.

ಯಾದವಗಿರಿಯಿಂದ ಹೊರಟ ಬೈಕು

ಜಾವಾ ಹುಟ್ಟಿದ್ದು ಪ್ರಾಗ್ ನಗರದಲ್ಲಿ, 1929ರಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವ್ಯವಹಾರವನ್ನು ಕೊಂಡು ಅದನ್ನು ಶುರುಮಾಡಿದ. ಭಾರತಕ್ಕೆ ಅದನ್ನು ತಂದು ಇಲ್ಲೇ ತಯಾರಿಸಲು ಹೊರಟವರು ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿ. ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ಎದ್ದಿತು. ಜಯಚಾಮರಾಜೇಂದ್ರ ಒಡೆಯರ್ ಅದನ್ನು ಉದ್ಘಾಟಿಸಿದರು. 1961ರಿಂದ ಜಾವಾ ಬೈಕುಗಳು ಮೈಸೂರಿನಿಂದ ಹೊರಬರತೊಡಗಿದವು. 1973ರಲ್ಲಿ ಅವಕ್ಕೆ ‘ಯೆಜ್ಡಿ’ ಎಂಬ ಹೆಸರು ಬಂತು. 1978ರಲ್ಲಿ ಬಂದ ರೋಡ್‌ಕಿಂಗ್ ಅದರ ಮಾದರಿಗಳಲ್ಲೆಲ್ಲ ಹೆಚ್ಚು ಹೆಸರು ಮಾಡಿತು.

250 ಸಿಸಿಯ ಟೂ ಸ್ಟ್ರೋಕ್ ಎಂಜಿನ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ ಹೊಡೆಯುವ ಲಿವರೇ ಮಗುಚಿದರೆ ಗೇರ್ ಲಿವರ್ ಆಗುತ್ತಿತ್ತು. ಪೆಟ್ರೋಲಿಗೆ ಆಯಿಲ್ ಬೆರೆಸದೆ ಓಡಿಸುವಂತಿರಲಿಲ್ಲ. ಕಾರ್ಬ್ಯುರೇಟರ್, ಪಾಯಿಂಟ್ ಸೆಟ್, ಪ್ಲಗ್, ಎಲ್ಲವೂ ಕೈಗೆಟಕುವ ಜಾಗದಲ್ಲಿದ್ದವು. ಸಾಮಾನ್ಯ ಉಪಕರಣ ಇದ್ದವನು ಮನೆಯ ಅಂಗಳದಲ್ಲೇ ಅರ್ಧ ರಿಪೇರಿ ಮುಗಿಸಬಹುದಿತ್ತು. ಕಂಪನಿ ಹೋದ ಮೇಲೂ ಬೈಕು ಬದುಕಿದ್ದಕ್ಕೆ ಈ ಸರಳ ರಚನೆಯೇ ಮೊದಲ ಕಾರಣ. ಮಾಲೀಕನೇ ಬಿಚ್ಚಿ ಜೋಡಿಸಬಲ್ಲ ಯಂತ್ರದ ಸುತ್ತ ಬಳಗ ತಾನಾಗಿ ಬೆಳೆಯುತ್ತದೆ, ಏಕೆಂದರೆ ಒಬ್ಬನಿಗೆ ಗೊತ್ತಿದ್ದದ್ದು ಇನ್ನೊಬ್ಬನಿಗೆ ಬೇಕಾಗುತ್ತದೆ.

1980ರ ದಶಕದ ನಡುವಿನಲ್ಲಿ ಜಪಾನಿ ತಂತ್ರಜ್ಞಾನದ 100 ಸಿಸಿ ಬೈಕುಗಳು ಬಂದವು. ಇಂಡ್ ಸುಜುಕಿ, ಹೀರೋ ಹೋಂಡಾ ಸಿಡಿ 100, ಆರ್‌ಎಕ್ಸ್ 100 ಎಲ್ಲವೂ ಹಗುರ, ಮೈಲೇಜೂ ಹೆಚ್ಚು. ಮುಂದೆ ಹೊಗೆಯ ನಿಯಮಗಳೂ ಬಿಗಿಯಾದವು. ಯೆಜ್ಡಿ ಕಾಲಕ್ಕೆ ತಕ್ಕಂತೆ ಬದಲಾಗಲಿಲ್ಲ. ಮಾರಾಟ ಕುಸಿಯಿತು, ಕಾರ್ಖಾನೆ ಮುಚ್ಚಿತು, ಮೈಸೂರಿನ ಎಷ್ಟೋ ಮನೆಗಳ ಸಂಬಳ ನಿಂತಿತು. ಹಳೆಯ ನೌಕರರ ಸಂಘ ಹೆಸರಿನ ವ್ಯಾಜ್ಯದಲ್ಲಿ ಕಕ್ಷಿದಾರನಾಗಿ ನಿಂತಿರುವುದರ ಹಿಂದೆ ಆ ನೋವಿದೆ. ಬ್ರ್ಯಾಂಡಿನ ಬಗ್ಗೆ ಮಾತಾಡುವಾಗ ನಾವು ಅದನ್ನು ಮರೆಯಬಾರದು. ಆ ಹೆಸರಿಗೆ ಮೊದಲು ಗೌರವ ಗಳಿಸಿಕೊಟ್ಟದ್ದು ಅವರ ದುಡಿಮೆ.

ಕಂಪನಿ ಇಲ್ಲದ ವರ್ಷಗಳು

ಕಾರ್ಖಾನೆ ಮುಚ್ಚಿದ ಮೇಲೆ ಆ ಬೈಕು ಇದ್ದವರ ಮುಂದೆ ಎರಡೇ ದಾರಿ ಇತ್ತು: ಸಿಕ್ಕಿದ ಬೆಲೆಗೆ ಗುಜರಿಗೆ ಹಾಕುವುದು, ಇಲ್ಲವೇ ತಾವೇ ಅದರ ಕಾರ್ಖಾನೆಯಾಗುವುದು. ಬಹಳ ಮಂದಿ ಮೊದಲನೆಯದನ್ನೇ ಆರಿಸಿಕೊಂಡರು. ಉಳಿದವರು ಒಬ್ಬರನ್ನೊಬ್ಬರು ಹುಡುಕಿಕೊಂಡರು. ಯಾವ ಊರಿನ ಯಾವ ಗ್ಯಾರೇಜಿನಲ್ಲಿ ಕ್ರ್ಯಾಂಕ್ ಸರಿಮಾಡುತ್ತಾರೆ, ಯಾವ ಲೇತ್ ಅಂಗಡಿಯಲ್ಲಿ ಬುಷ್ ಕಡೆದುಕೊಡುತ್ತಾರೆ, ಯಾವ ಹಳೆಯ ಡೀಲರನ ಗೋದಾಮಿನಲ್ಲಿ ಪೊಟ್ಟಣ ಬಿಚ್ಚದ ಪಿಸ್ಟನ್ ಇದೆ ಎಂಬ ಮಾಹಿತಿ ಬಾಯಿಂದ ಬಾಯಿಗೆ ಹರಿಯಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಊರೂರಿನ ಗುಜರಿಗಳು ಅವರ ಶೋರೂಮುಗಳಾದವು. 2007ರಲ್ಲಿ ಬೆಂಗಳೂರು ಜಾವಾ ಯೆಜ್ಡಿ ಮೋಟಾರ್‌ಸೈಕಲ್ ಕ್ಲಬ್ ಹುಟ್ಟಿತು. ಬೇರೆ ನಗರಗಳಲ್ಲೂ ಕ್ಲಬ್‌ಗಳಿವೆ. ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ ಯೆಜ್ಡಿ ದಿನವೆಂದು ಈ ಬಳಗಗಳು ಆಚರಿಸುತ್ತ ಬಂದಿವೆ. ಈ ಪರಿಪಾಠ ಬೆಳೆದ ಕಾಲಕ್ಕೆ ದುಡ್ಡು ಕೊಡುವುದಕ್ಕೂ ಅಪ್ಪಣೆ ಕೊಡುವುದಕ್ಕೂ ಯಾವ ಕಂಪನಿಯೂ ಇರಲಿಲ್ಲ.

ಇಂಥ ಬಳಗಗಳನ್ನು ವಿದ್ವಾಂಸರು ಅಧ್ಯಯನ ಮಾಡಿದ್ದಾರೆ. ಆಲ್ಬರ್ಟ್ ಮುನಿಜ್ ಮತ್ತು ಥಾಮಸ್ ಓಗ್ವಿನ್ 2001ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಈ ವಿಷಯದಲ್ಲಿ ಪ್ರಸಿದ್ಧ. ಫೋರ್ಡ್ ಬ್ರಾಂಕೋ ಮತ್ತು ಸಾಬ್ ವಾಹನಗಳು, ಮ್ಯಾಕಿಂಟಾಷ್ ಕಂಪ್ಯೂಟರು, ಇವುಗಳ ಬಳಕೆದಾರರನ್ನು ಗಮನಿಸಿ ಅವರು ಮೂರು ಲಕ್ಷಣಗಳನ್ನು ಗುರುತಿಸಿದರು. ನಾವೆಲ್ಲ ಒಂದೇ ಬಗೆಯವರು ಎಂಬ ಭಾವನೆ ಮೊದಲನೆಯದು. ಹಂಚಿಕೊಂಡ ಆಚರಣೆಗಳು ಮತ್ತು ಕಥೆಗಳು ಎರಡನೆಯದು. ಒಬ್ಬರ ಬಗ್ಗೆ ಒಬ್ಬರಿಗಿರುವ ನೈತಿಕ ಹೊಣೆ ಮೂರನೆಯದು. ದಾರಿಯಲ್ಲಿ ಕೆಟ್ಟು ನಿಂತ ಯೆಜ್ಡಿಯನ್ನು ಕಂಡು, ಪರಿಚಯವಿಲ್ಲದಿದ್ದರೂ ಗಾಡಿ ನಿಲ್ಲಿಸಿ ಟೂಲ್ ಕಿಟ್ ತೆಗೆಯುವ ಸವಾರನಲ್ಲಿ ಈ ಮೂರೂ ಇವೆ.

ಅದೇ ಪ್ರಬಂಧ ಇನ್ನೊಂದು ಗುಣವನ್ನೂ ತೋರಿಸಿತು. ತಮ್ಮ ಬ್ರ್ಯಾಂಡನ್ನು ಹೊಗಳುವಷ್ಟೇ ಉತ್ಸಾಹದಿಂದ ಎದುರಾಳಿ ಬ್ರ್ಯಾಂಡನ್ನು ತೆಗಳಿ ಜನ ತಮ್ಮ ಗುರುತು ಕಟ್ಟಿಕೊಳ್ಳುತ್ತಾರೆ. ಬುಲೆಟ್‌ನವರು ಯೆಜ್ಡಿಯವರನ್ನು, ಯೆಜ್ಡಿಯವರು ಬುಲೆಟ್‌ನವರನ್ನು, ಇಬ್ಬರೂ ಸೇರಿ 100 ಸಿಸಿಯವರನ್ನು ಛೇಡಿಸುವುದು ನಮಗೆ ಹೊಸದಲ್ಲ. ಗೆಳೆಯರ ನಡುವಿನ ತಮಾಷೆಯಾಗಿದ್ದರೆ ಅದರಿಂದ ತೊಂದರೆ ಇಲ್ಲ. ತನ್ನ ಬೈಕಿನ ದೋಷವನ್ನು ಒಪ್ಪಿಕೊಂಡರೆ ಎದುರು ಗುಂಪಿಗೆ ಸೋತಂತೆ ಎಂಬ ಮನಸ್ಥಿತಿ ಬಂದಾಗ ಮಾತ್ರ ಕೇಡು ಶುರುವಾಗುತ್ತದೆ.

ನಮ್ಮದಾದ ವಸ್ತುವಿಗೆ ನಾವು ಹೆಚ್ಚು ಬೆಲೆ ಕಟ್ಟುತ್ತೇವೆ ಎಂಬುದೂ ಪ್ರಯೋಗಗಳಲ್ಲಿ ಕಂಡಿದೆ. ಡೇನಿಯಲ್ ಕಾನ್ಮನ್, ಜ್ಯಾಕ್ ನೆಷ್ ಮತ್ತು ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳ ಒಂದು ಗುಂಪಿಗೆ ಕಾಫಿ ಕುಡಿಯುವ ಮಗ್ ಕೊಟ್ಟು, ಎಷ್ಟಕ್ಕೆ ಮಾರುವಿರಿ ಎಂದು ಕೇಳಿದರು. ಮಗ್ ಸಿಗದವರು ಕೊಡಲು ಸಿದ್ಧವಿದ್ದ ಬೆಲೆಯ ಎರಡು ಪಟ್ಟಿನಷ್ಟನ್ನು ಅವರು ಕೇಳಿದರು. ಕೆಲವು ನಿಮಿಷ ಕೈಯಲ್ಲಿದ್ದ ಮಗ್‌ಗೇ ಹೀಗಾದರೆ, ಲಕ್ಷಾಂತರ ರೂಪಾಯಿ ಸುರಿದು, ರಜೆಯೆಲ್ಲ ಬೆವರು ಸುರಿಸಿ ಕಟ್ಟಿಕೊಂಡ ಬೈಕಿನ ಮೇಲೆ ಎಷ್ಟು ಮಮಕಾರ ಬೆಳೆದೀತು! ಆ ಮಮಕಾರದಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಅದು ನಮ್ಮ ತೀರ್ಮಾನವನ್ನು ಎಷ್ಟು ಬಾಗಿಸಬಲ್ಲದು ಎಂಬುದು ನಮಗಿಂತ ಮೊದಲು ಮಾರುವವರಿಗೆ ಗೊತ್ತಿರುತ್ತದೆ.

ಅಭಿಮಾನವನ್ನು ಸಂಘಟಿಸಿದ ಕಂಪನಿ

ಅಭಿಮಾನಿ ಬಳಗವನ್ನೇ ವ್ಯಾಪಾರದ ಬೆನ್ನೆಲುಬಾಗಿ ಮಾಡಿಕೊಂಡ ಕಂಪನಿಗಳಲ್ಲಿ ಅಮೆರಿಕದ ಹಾರ್ಲೆ ಡೇವಿಡ್ಸನ್ ಮೊದಲ ಸಾಲಿನದು. 1969ರಲ್ಲಿ ಅದು ಎಎಂಎಫ್ ಎಂಬ ಕಂಪನಿಯ ಕೈಸೇರಿತು. ಆ ಕಾಲದಲ್ಲಿ ಬೈಕುಗಳ ಗುಣಮಟ್ಟ ಹಾಳಾಯಿತು, ಜಪಾನಿ ಬೈಕುಗಳು ಮಾರುಕಟ್ಟೆ ಹಿಡಿದವು. 1981ರಲ್ಲಿ 13 ಮಂದಿ ಅಧಿಕಾರಿಗಳು ಸೇರಿ ಕಂಪನಿಯನ್ನು ಮರಳಿ ಕೊಂಡರು. 1983ರಲ್ಲಿ ಕಂಪನಿಯೇ ಮಾಲೀಕರ ಸಂಘವನ್ನು ಹುಟ್ಟುಹಾಕಿತು. ಅದೇ ಹಾರ್ಲೆ ಓನರ್ಸ್ ಗ್ರೂಪ್, ಸವಾರರ ಬಾಯಲ್ಲಿ ‘ಹಾಗ್’. ಊರೂರಿನ ಘಟಕಗಳಿಗೆ ಆಯಾ ಊರಿನ ಅಧಿಕೃತ ಡೀಲರೇ ಪ್ರಾಯೋಜಕ. ಸವಾರಿ ಹೊರಡುವುದು ಶೋರೂಮಿನಿಂದ, ಜಾಕೆಟ್ಟು ಸಿಗುವುದು ಶೋರೂಮಿನಲ್ಲಿ, ಮುಂದಿನ ಮಾದರಿಯ ಸುದ್ದಿ ತಿಳಿಯುವುದೂ ಅಲ್ಲೇ.

ಇದರಿಂದ ಸವಾರರಿಗೆ ಏನೂ ಸಿಗಲಿಲ್ಲವೆಂದಲ್ಲ. ಸಾವಿರಾರು ಜನರಿಗೆ ಜೊತೆ ಸಿಕ್ಕಿತು, ಸುರಕ್ಷಿತ ಸವಾರಿಯ ಶಿಸ್ತು ಸಿಕ್ಕಿತು, ಕಂಪನಿಗೂ ಮರುಹುಟ್ಟು ಸಿಕ್ಕಿತು. ಆದರೆ ಶೋರೂಮಿನಲ್ಲಿ ಬೇರು ಬಿಟ್ಟ ಬಳಗ ಶೋರೂಮು ಮುಚ್ಚಿದಾಗ ಅಲ್ಲಾಡುತ್ತದೆ. 2020ರ ಸೆಪ್ಟೆಂಬರಿನಲ್ಲಿ ಹಾರ್ಲೆ ಭಾರತದಲ್ಲಿ ತನ್ನ ತಯಾರಿಕೆ ಮತ್ತು ಮಾರಾಟ ನಿಲ್ಲಿಸುವುದಾಗಿ ಘೋಷಿಸಿತು. ಹರಿಯಾಣದ ಬಾವಲ್‌ನಲ್ಲಿದ್ದ ಘಟಕ ಮುಚ್ಚಿತು. ಬಿಡಿಭಾಗ ಸಿಗುತ್ತದೆಯೇ, ಸರ್ವೀಸ್ ಯಾರು ಮಾಡುತ್ತಾರೆ, ಮರುಮಾರಾಟದಲ್ಲಿ ಎಷ್ಟು ಬಂದೀತು ಎಂದು ಮಾಲೀಕರು ಕಂಗಾಲಾದರು. ಬಂಡವಾಳ ಹಾಕಿದ ಡೀಲರುಗಳ ಪಾಡು ಇನ್ನೂ ಕಷ್ಟ. ಮುಂದಿನ ತಿಂಗಳೇ ಹೀರೋ ಮೋಟೊಕಾರ್ಪ್ ಜೊತೆ ಒಪ್ಪಂದವಾಗಿ ಪರಿಸ್ಥಿತಿ ತಿಳಿಯಾಯಿತು. ಆದರೆ ಪಾಠ ಸ್ಪಷ್ಟವಾಗಿತ್ತು. ಸವಾರರನ್ನು ಕುಟುಂಬದವರೆಂದು ಕರೆದ ಕಂಪನಿ, ಹೊರಡುವ ತೀರ್ಮಾನವನ್ನು ಕುಟುಂಬದವರ ಜೊತೆ ಕೂತು ಮಾಡಲಿಲ್ಲ. ಅದು ಲಾಭ ನಷ್ಟದ ಲೆಕ್ಕ ನೋಡಿ ಮಾಡಿತು, ಕಂಪನಿಗಳು ಮಾಡುವುದೇ ಹಾಗೆ.

ನಮ್ಮ ರಾಯಲ್ ಎನ್‌ಫೀಲ್ಡ್ ಲೋಕದಲ್ಲಿ ಎರಡೂ ಬಗೆ ಇದೆ. 1955ರಿಂದ ಮದ್ರಾಸಿನಲ್ಲಿ ತಯಾರಾಗುತ್ತ ಬಂದ ಬುಲೆಟ್‌ಗೆ ಊರೂರಲ್ಲಿ ಕ್ಲಬ್‌ಗಳು ಹುಟ್ಟಿಕೊಂಡವು. ಕಂಪನಿ ಗೋವಾದಲ್ಲಿ ನಡೆಸುತ್ತಿದ್ದ ರೈಡರ್ ಮೇನಿಯಾ 2023ರಿಂದ ಮೋಟೋವರ್ಸ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಸಂಗೀತ, ಮಳಿಗೆ, ಹೊಸ ಮಾದರಿಗಳ ಅನಾವರಣ ಎಲ್ಲವೂ ಇರುವ ದೊಡ್ಡ ಉತ್ಸವ ಅದು. ಇನ್ನೊಂದೆಡೆ ಬುಲೆಟ್ ಕ್ಲಬ್‌ಗಳ ಒಕ್ಕೂಟವೊಂದು ತನ್ನದೇ ರೈಡರ್ ಮೇನಿಯಾವನ್ನು, ಸದಸ್ಯ ಕ್ಲಬ್‌ಗಳ ಆತಿಥ್ಯದಲ್ಲಿ ನಡೆಸುತ್ತ ಬಂದಿದೆ. ಎರಡೂ ಕಡೆ ಖುಷಿ ಇದೆ, ಎರಡಕ್ಕೂ ಹೋಗುವವರಿದ್ದಾರೆ. ಆದರೆ ಒಂದು ಕಡೆ ನೀವು ಆತಿಥೇಯರು, ಇನ್ನೊಂದು ಕಡೆ ಗ್ರಾಹಕರು. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಎರಡನ್ನೂ ಸವಿಯಬಹುದು.

ಹೊಸ ಜಾವಾ, ಹಳೆಯ ಬಳಗ

2018ರ ನವೆಂಬರ್ 15ರಂದು ಮಹೀಂದ್ರ ಸಮೂಹದ ಬೆಂಬಲವಿದ್ದ ಕ್ಲಾಸಿಕ್ ಲೆಜೆಂಡ್ಸ್ ಜಾವಾವನ್ನು ಮತ್ತೆ ಮಾರುಕಟ್ಟೆಗೆ ತಂದಿತು. ಈಗ ಅದು 293 ಸಿಸಿಯ, ಲಿಕ್ವಿಡ್ ಕೂಲ್ಡ್, ಫೋರ್ ಸ್ಟ್ರೋಕ್ ಎಂಜಿನ್. ತಯಾರಿ ಮೈಸೂರಿನಲ್ಲಿ ಅಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ದುಂಡನೆಯ ಹೆಡ್‌ಲೈಟು, ಹನಿಯಾಕಾರದ ಟ್ಯಾಂಕು, ಜೋಡಿ ಸೈಲೆನ್ಸರುಗಳು ಮಾತ್ರ ಹಳೆಯದನ್ನು ನೆನಪಿಸುವಂತಿದ್ದವು. ಮುಂಗಡ ಕೊಟ್ಟವರ ಸಾಲು ಎಷ್ಟು ಬೆಳೆಯಿತೆಂದರೆ, ಮುಂದಿನ ಸೆಪ್ಟೆಂಬರಿನವರೆಗಿನ ಬೈಕುಗಳೆಲ್ಲ ಮಾರಾಟವಾಗಿವೆ ಎಂದು ಕಂಪನಿ ಡಿಸೆಂಬರಿನಲ್ಲೇ ಬುಕಿಂಗ್ ನಿಲ್ಲಿಸಿತು. 2022ರ ಜನವರಿಯಲ್ಲಿ ಯೆಜ್ಡಿಯೂ ಮೂರು ಮಾದರಿಗಳಲ್ಲಿ ಮರಳಿತು.

ಓಡಿಸಿ ನೋಡದೆಯೇ ಜನ ಅಷ್ಟು ದೊಡ್ಡ ಸಂಖ್ಯೆಯಲ್ಲಿ ಮುಂಗಡ ಕೊಟ್ಟದ್ದು ಯಾವ ನಂಬಿಕೆಯ ಮೇಲೆ? ಹೊಸ ಕಂಪನಿಗೆ ಹೇಳಿಕೊಳ್ಳಲು ಚರಿತ್ರೆಯೇ ಇರಲಿಲ್ಲ, ಎಂಜಿನ್ನು ಬೇರೆ, ಕಾರ್ಖಾನೆ ಬೇರೆ. ನಂಬಿಕೆ ಬಂದದ್ದು ಹೆಸರಿನಿಂದ. ಆ ಹೆಸರನ್ನು ನಡುವಿನ 22 ವರ್ಷ ಜನರ ಕಣ್ಣೆದುರು ಓಡಿಸುತ್ತ ಇದ್ದದ್ದು ಹಳೆಯ ಬೈಕುಗಳ ಮಾಲೀಕರು. ಹಾಗಾಗಿ ಹೊಸ ಬೈಕಿನ ಮೊದಲ ಬಂಡವಾಳದಲ್ಲಿ ಅವರ ಪಾಲೂ ಇತ್ತು. ಇದನ್ನು ಕಂಪನಿಯ ಮೇಲಿನ ಆರೋಪವಾಗಿ ಹೇಳುತ್ತಿಲ್ಲ. ಹಳೆಯ ಹೆಸರಿಗೆ ಹೊಸ ಯಂತ್ರ ಕೊಡುವುದು ನ್ಯಾಯವಾದ ವ್ಯಾಪಾರ, ಅದರಿಂದ ಉದ್ಯೋಗವೂ ಹುಟ್ಟುತ್ತದೆ. ಆದರೆ ಬಳಗ ತನ್ನ ಪಾಲನ್ನು ಅರಿತಿದ್ದರೆ ಕಂಪನಿಯ ಎದುರು ಸಮನಾಗಿ ನಿಲ್ಲುತ್ತದೆ. ಅರಿಯದಿದ್ದರೆ ಒಂದು ಟೀ ಶರ್ಟಿಗೂ ಒಂದು ಆಹ್ವಾನ ಪತ್ರಿಕೆಗೂ ಕೃತಜ್ಞವಾಗಿ ನಿಂತುಬಿಡುತ್ತದೆ.

ಪ್ರಭಾವ ಬೀರುವ ದಾರಿಗಳು

ಇದು ಯಾವುದೋ ಒಂದು ಕಂಪನಿಯ ಮಾತಲ್ಲ. ಬೈಕಿನಿಂದ ಫೋನಿನವರೆಗೆ ದಾರಿ ಹೆಚ್ಚುಕಡಿಮೆ ಒಂದೇ. ಮೊದಲು ಬಳಗದಲ್ಲಿ ಯಾರ ಮಾತಿಗೆ ತೂಕವಿದೆ ಎಂದು ಗುರುತಿಸಲಾಗುತ್ತದೆ. ಅವರಿಗೆ ಹೊಸ ಮಾದರಿಯನ್ನು ಎಲ್ಲರಿಗಿಂತ ಮೊದಲು ಓಡಿಸುವ ಅವಕಾಶ ಸಿಗುತ್ತದೆ. ವಿಮಾನದ ಟಿಕೆಟ್ಟು, ಹೋಟೆಲು, ಊಟ ಕಂಪನಿಯದು. ಹೀಗೇ ಬರೆಯಿರಿ ಎಂದು ಯಾರೂ ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಕಟುವಾಗಿ ಬರೆದವನಿಗೆ ಮುಂದಿನ ಸಲ ಕರೆ ಬರಲಿಕ್ಕಿಲ್ಲ ಎಂಬ ಅಂಜಿಕೆ ಸಾಕು. ಉಂಡ ಮನೆಯ ಬಗ್ಗೆ ಕೆಟ್ಟ ಮಾತಾಡಬಾರದು ಎಂದು ಬೆಳೆದವರು ನಾವು. ಆ ಸೌಜನ್ಯವೇ ಇಲ್ಲಿ ಓದುಗನಿಗೆ ಮುಳುವಾಗುತ್ತದೆ.

ಆಮೇಲೆ ಕ್ಲಬ್‌ಗಳ ಸರದಿ. ಅಧಿಕೃತ ಮಾನ್ಯತೆ, ಜಾಕೆಟ್ಟಿನ ಮೇಲೆ ಹೊಲಿದುಕೊಳ್ಳುವ ಲಾಂಛನ, ಬಿಡಿಭಾಗದ ಮೇಲೆ ರಿಯಾಯಿತಿ, ವಾರ್ಷಿಕ ಸವಾರಿಗೆ ಪ್ರಾಯೋಜಕತ್ವ. ಒಂದೊಂದಾಗಿ ನೋಡಿದರೆ ಯಾವುದೂ ತಪ್ಪಲ್ಲ. ಎಲ್ಲ ಸೇರಿದಾಗ ಕ್ಲಬ್ಬಿನ ಖರ್ಚು ಕಂಪನಿಯ ಮೇಲೆ ನಿಂತಿರುತ್ತದೆ. ಆ ಹೊತ್ತಿಗೆ ಒಬ್ಬ ಸದಸ್ಯ, ಹೊಸ ಬೈಕಿನ ಎಂಜಿನ್ನಿನಲ್ಲಿ ಆಯಿಲ್ ಸೋರುತ್ತಿದೆ, ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯೇ ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳುತ್ತಾನೆ. ಇಲ್ಲಿ ಬೇಡ, ಶೋರೂಮಿನಲ್ಲೇ ಮಾತಾಡಿಕೊಳ್ಳಿ ಎಂಬ ಉತ್ತರ ಬರುತ್ತದೆ. ನಿನಗೆ ಓಡಿಸಲು ಬರುವುದಿಲ್ಲ ಎಂದು ಇನ್ನೊಬ್ಬ ಜರೆಯುತ್ತಾನೆ. ಈ ಬೈಕನ್ನು ಅರ್ಥಮಾಡಿಕೊಳ್ಳಲು ಬೇರೆಯೇ ಮನಸ್ಸು ಬೇಕು ಎಂದು ಮತ್ತೊಬ್ಬ ಉಪದೇಶ ಮಾಡುತ್ತಾನೆ. ಕಂಪನಿಯ ಯಾರೊಬ್ಬರೂ ಬಾಯಿ ತೆರೆಯದೆ ದೂರು ಅಲ್ಲೇ ಹೂತುಹೋಗುತ್ತದೆ.

ಇದರಿಂದ ಆಗುವ ನಷ್ಟ ಮನಸ್ತಾಪದ ಮಟ್ಟದಲ್ಲಿ ನಿಲ್ಲುವುದಿಲ್ಲ. ವಾಹನಗಳ ವಾಪಸಾತಿಯ ನಿಯಮಗಳು ನಮ್ಮ ದೇಶದಲ್ಲಿ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಏಳು ವರ್ಷದೊಳಗಿನ ವಾಹನದಲ್ಲಿ ಸುರಕ್ಷತೆಗೆ ಸಂಬಂಧಿಸಿದ ದೋಷವಿದ್ದು, ನಿಗದಿತ ಪ್ರಮಾಣದ ಮಾಲೀಕರು ದೂರು ಕೊಟ್ಟರೆ, ವಾಹನಗಳನ್ನು ಕಡ್ಡಾಯವಾಗಿ ಹಿಂದಕ್ಕೆ ಪಡೆದು ಸರಿಪಡಿಸಿಕೊಡಲು ಸರ್ಕಾರ ಆದೇಶಿಸಬಹುದು. ತಯಾರಕರಿಗೆ 1 ಕೋಟಿ ರೂಪಾಯಿವರೆಗೆ ದಂಡವನ್ನೂ ಹಾಕಬಹುದು. ಅಂದರೆ ಮಾಲೀಕರು ಬಾಯಿ ಬಿಡುತ್ತಾರೆ ಎಂಬ ಭರವಸೆಯೂ ಈ ಕಾನೂನಿನ ಒಂದು ಆಧಾರ. ಬ್ರೇಕಿನ ದೋಷ ಹತ್ತು ಊರಿನ ಹತ್ತು ಸವಾರರಿಗೆ ಕಾಣಿಸಿದರೆ, ಅದು ತನ್ನೊಬ್ಬನ ದುರದೃಷ್ಟವಲ್ಲ, ಆ ಮಾದರಿಯದೇ ದೋಷ ಎಂದು ಅವರಿಗೆ ತಿಳಿಯುವುದು ಒಂದೆಡೆ ಸೇರಿ ಮಾತಾಡಿದಾಗ ಮಾತ್ರ. ಆ ಮಾತಿನ ಜಾಗವನ್ನೇ ಕಂಪನಿಯ ಮರ್ಜಿಗೆ ಬಿಟ್ಟರೆ ಕಾನೂನಿನ ಒಂದು ಕಾಲು ಮುರಿದಂತೆ.

ದೋಷ ಒಪ್ಪಿಕೊಂಡರೆ ಬ್ರ್ಯಾಂಡಿನ ಮಾನ ಹೋಗುತ್ತದೆ ಎಂಬ ಅಳುಕೂ ಸುಳ್ಳು. ಇಗ್ನಿಷನ್ ಕಾಯಿಲ್‌ನಲ್ಲಿ ದೋಷವಿರಬಹುದೆಂದು 2021ರ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ 2,36,966 ಬೈಕುಗಳ ವಾಪಸಾತಿಯನ್ನು ತಾನಾಗಿ ಪ್ರಕಟಿಸಿತು. ಅದರಿಂದ ಕಂಪನಿ ಮುಳುಗಲಿಲ್ಲ. 2024-25ರ ಹಣಕಾಸು ವರ್ಷದಲ್ಲಿ ಅದರ ಮಾರಾಟ ಮೊದಲ ಸಲ 10 ಲಕ್ಷ ದಾಟಿತು. ತಪ್ಪನ್ನು ತಿದ್ದಿಕೊಂಡ ಹೆಸರಿನ ಮೇಲೆ ಜನರ ನಂಬಿಕೆ ಉಳಿಯುತ್ತದೆ. ಹಾಗಿರುವಾಗ ತಪ್ಪನ್ನು ಎತ್ತಿ ತೋರಿಸುವ ಸವಾರನನ್ನು ದ್ರೋಹಿಯಂತೆ ಕಾಣುವುದು ಯಾವ ನ್ಯಾಯ?

ನಿಯಮಗಳಿವೆ, ಬಳಸುವವರು ನಾವಾಗಬೇಕು

ಹಣ ಪಡೆದು ಹೊಗಳುವವರಿಗೆ ಕಡಿವಾಣ ಹಾಕುವ ನಿಯಮಗಳು ನಮ್ಮಲ್ಲಿ ಈಗಾಗಲೇ ಇವೆ. ಜಾಹೀರಾತು ಉದ್ಯಮದ ಸ್ವಯಂ ನಿಯಂತ್ರಣ ಸಂಸ್ಥೆಯಾದ ಆಸ್ಕಿ, ಸಾಮಾಜಿಕ ಜಾಲತಾಣದ ಪ್ರಭಾವಿಗಳು ಪ್ರಾಯೋಜಿತ ಬರಹ, ವಿಡಿಯೊಗಳಿಗೆ ಜಾಹೀರಾತೆಂಬ ಗುರುತು ಹಾಕಬೇಕೆಂದು 2021ರಲ್ಲೇ ಹೇಳಿತು. 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಮಾರ್ಗಸೂಚಿ ಹೊರಡಿಸಿತು. ಹಣ ಮಾತ್ರವಲ್ಲ, ಉಚಿತ ವಸ್ತು, ಪ್ರವಾಸ, ಹೋಟೆಲ್ ವಾಸ್ತವ್ಯ, ರಿಯಾಯಿತಿ, ಉಡುಗೊರೆ ಪಡೆದಿದ್ದರೂ ಅದನ್ನು ಎದ್ದುಕಾಣುವಂತೆ ತಿಳಿಸಬೇಕು ಎಂದು ಅದರಲ್ಲಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡವಿದೆ.

ಆದರೆ ಊರಿನ ಚಿಕ್ಕ ಕ್ಲಬ್ಬಿನ ಒಳಗೆ, ಗೆಳೆಯರ ಗುಂಪಿನೊಳಗೆ ಯಾವ ಇಲಾಖೆಯೂ ಬಂದು ಇಣುಕುವುದಿಲ್ಲ. ಅಲ್ಲಿಯ ಶಿಸ್ತನ್ನು ಬಳಗವೇ ರೂಪಿಸಿಕೊಳ್ಳಬೇಕು. ಕಷ್ಟದ ಕೆಲಸವೇನಲ್ಲ. ಕಂಪನಿಯಿಂದ ಏನೇ ಪಡೆದಿದ್ದರೂ, ಅದು ಒಂದು ಹೆಲ್ಮೆಟ್ಟೇ ಆಗಿರಲಿ, ಮಾತಾಡುವ ಮೊದಲು ಸದಸ್ಯರಿಗೆ ಹೇಳಿಬಿಡುವ ರೂಢಿ ಬೆಳೆಯಲಿ. ಕ್ಲಬ್ಬಿನ ದೈನಂದಿನ ಖರ್ಚು ಸದಸ್ಯರ ಚಂದಾದಿಂದಲೇ ನಡೆಯಲಿ. ಪ್ರಾಯೋಜಕತ್ವ ನಿಂತ ದಿನವೂ ಸವಾರಿ ನಿಲ್ಲದಷ್ಟು ಚಿಕ್ಕದಾಗಿರಲಿ ಕಾರ್ಯಕ್ರಮ. ಗುಂಪಿನ ಮೇಲ್ವಿಚಾರಣೆ ಡೀಲರ ಅಥವಾ ಕಂಪನಿಯ ನೌಕರರ ಕೈಯಲ್ಲಿ ಇರದಿರಲಿ. ಯಾವ ಮಾದರಿಗೆ ಎಷ್ಟು ಕಿಲೋಮೀಟರಿಗೆ ಯಾವ ತೊಂದರೆ ಬಂತು ಎಂಬ ದಾಖಲೆಯನ್ನು ಹೊಸಬರೂ ಓದುವಂತೆ ತೆರೆದಿಡಲಿ. ಎದುರಾಳಿ ಬ್ರ್ಯಾಂಡಿನ ಸವಾರನ ಬೈಕು ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನುವ ದೊಡ್ಡತನ ಇರಲಿ.

ಕಂಪನಿಯನ್ನು ದೂರ ಇಡಬೇಕು ಎಂದು ಇದರ ಅರ್ಥವಲ್ಲ. ಊರಿನ ಜಾತ್ರೆಗೆ ಯಾರೋ ಸಾಹುಕಾರರು ದೀಪಾಲಂಕಾರ ಮಾಡಿಸಿಕೊಟ್ಟರೆ ಊರು ಬೇಡ ಎನ್ನುವುದಿಲ್ಲ, ಆದರೆ ತೇರು ಯಾವ ಬೀದಿಯಲ್ಲಿ ಹೋಗಬೇಕೆಂದು ಅವರಿಂದ ಕೇಳಿಸಿಕೊಳ್ಳುವುದೂ ಇಲ್ಲ. ಕಂಪನಿಯ ಎಂಜಿನಿಯರುಗಳು ಕ್ಲಬ್ಬಿನ ಸಭೆಗೆ ಬರಲಿ, ಪ್ರಶ್ನೆಗಳಿಗೆ ಉತ್ತರ ಕೊಡಲಿ, ಸವಾರರ ಅನುಭವದಿಂದ ಮುಂದಿನ ಮಾದರಿ ಸುಧಾರಿಸಲಿ. ಹೊಗಳುವವರ ಗುಂಪಿನಿಂದ ಕಂಪನಿಗೆ ಮಾರಾಟ ಸಿಗಬಹುದು, ಕಲಿಯಲು ಏನೂ ಸಿಗುವುದಿಲ್ಲ. 1980ರ ದಶಕದಲ್ಲಿ ಮಾರುಕಟ್ಟೆ ಬದಲಾದಾಗ ಐಡಿಯಲ್ ಜಾವಾ ತನ್ನ ಯಂತ್ರವನ್ನು ಬದಲಿಸಿಕೊಳ್ಳದೆ ಸೋತಿತು. ತನ್ನನ್ನು ಪ್ರೀತಿಸುವವರ ಕಟುಮಾತು ಕೇಳಿಸಿಕೊಳ್ಳುವ ಕಂಪನಿಗೆ ಆ ಗತಿ ಬರುವ ಸಾಧ್ಯತೆ ಕಡಿಮೆ.

ಹಾಗಾದರೆ ಅಭಿಮಾನಿಯ ನಿಷ್ಠೆ ಯಾರಿಗೆ ಸಲ್ಲಬೇಕು? ಯಂತ್ರವನ್ನು ಮನಸಾರೆ ಪ್ರೀತಿಸೋಣ, ಅದನ್ನು ಕಟ್ಟಿದ ಕೈಗಳನ್ನು ಗೌರವಿಸೋಣ, ಕಂಪನಿಯೊಡನೆ ಗ್ರಾಹಕರಾಗಿ ಮರ್ಯಾದೆಯಿಂದ ವ್ಯವಹರಿಸೋಣ. ನಿಷ್ಠೆ ಮಾತ್ರ ಜೊತೆಯ ಸವಾರನಿಗೆ ಸಲ್ಲಲಿ. ಅದರಲ್ಲೂ ಬ್ಯಾಂಕಿನಲ್ಲಿ ಸಾಲ ಮಾಡಿ ಮೊದಲ ಬೈಕು ಕೊಳ್ಳಲು ಹೊರಟು, ಯಾವುದು ತೆಗೆದುಕೊಳ್ಳಲಿ ಅಣ್ಣ ಎಂದು ಬಳಗವನ್ನು ನಂಬಿ ಕೇಳುವ ಹೊಸಬನಿಗೆ. ಅವನಿಗೆ ನಮ್ಮ ಬೈಕಿನ ಚೆಲುವನ್ನೂ ಹೇಳೋಣ, ಸೋರುವ ಆಯಿಲನ್ನೂ ಹೇಳೋಣ, ಬಿಡಿಭಾಗಕ್ಕೆ ಎಷ್ಟು ದಿನ ಕಾಯಬೇಕಾಯಿತು ಎಂಬುದನ್ನೂ ಹೇಳೋಣ. ಅದನ್ನು ಕೇಳಿಯೂ ಅವನು ಅದೇ ಬೈಕನ್ನು ಆರಿಸಿಕೊಂಡರೆ, ನಮ್ಮ ಬಳಗಕ್ಕೆ ಕಣ್ಣು ತೆರೆದುಕೊಂಡೇ ಬಂದ ಒಬ್ಬ ಸದಸ್ಯ ಸಿಕ್ಕಿದಂತೆ. ಅಂಥವರಿಂದ ಕಟ್ಟಿದ ಬಳಗವನ್ನು ಯಾವ ಕಂಪನಿಯೂ ಕೊಳ್ಳಲಾರದು, ಯಾವ ಕಂಪನಿ ಮುಚ್ಚಿದರೂ ಅದು ಚದುರುವುದಿಲ್ಲ.